ಓದುಗರ ಪ್ರಶ್ನೆ: ಖಂಡದ ಬುಡದ ಕಲ್ಲು

ಪ್ರಶ್ನೆ: ಕಾರವಾರದ ಕಡಲಂಚಿನ ಗ್ರಾನೈಟಿನ ನಡುವೆ ಕರಿಕಲ್ಲಿನ ಪಟ್ಟೆಗಳಿವೆ. ಇವು ಭೂಮಿಯ ಹೊರಚಿಪ್ಪಿನ ಕೆಳಗಿನ ದಪ್ಪ ಪದರವಾದ ಮ್ಯಾಂಟಲ್‌ನಿಂದ ಬಂದ ಕಲ್ಲುಗಳೇ? ಆ ಕಲ್ಲು ಹೇಗಿರುತ್ತದೆ?
— ಓದುಗರೊಬ್ಬರು, ಕಾರವಾರ

ಉತ್ತರ: ಅಲ್ಲ. ಅಂಥ ಪಟ್ಟೆಗಳು ಸಾಮಾನ್ಯವಾಗಿ ಡೋಲರೈಟ್ ಎಂಬ ಕಪ್ಪು ಅಗ್ನಿಶಿಲೆ. ಮ್ಯಾಂಟಲ್ ಕರಗಿ ಮೇಲೆದ್ದ ರಸ ಬಿರುಕಿನಲ್ಲಿ ಗಟ್ಟಿಯಾದದ್ದು. ರಸ ಹೋದ ಮೇಲೆ ಕೆಳಗೆ ಉಳಿಯುವುದು ಪೆರಿಡೊಟೈಟ್ ಎಂಬ ಚರಟ.

ಹಳೆಯ ಖಂಡಗಳಡಿಯ ಚರಟ ವಿಶೇಷದ್ದು. 250 ಕೋಟಿ ವರ್ಷಕ್ಕೂ ಹಿಂದೆ ಮ್ಯಾಂಟಲ್ ಇನ್ನೂ ಬಿಸಿಯಾಗಿದ್ದಾಗ ಶೇ. 30–40ರಷ್ಟು ಕರಗಿ ಹೊರಬಿತ್ತು. ಕಬ್ಬಿಣ, ಕ್ಯಾಲ್ಸಿಯಂ, ಅಲ್ಯೂಮಿನಿಯಂ ರಸದೊಂದಿಗೆ ಹೋದವು, ಮೆಗ್ನೀಷಿಯಂ ಉಳಿಯಿತು. ಕಬ್ಬಿಣ ಕಡಿಮೆಯಾದ್ದರಿಂದ ಕಲ್ಲು ಹಗುರ, ನೀರು ಕಳೆದುಕೊಂಡದ್ದರಿಂದ ಬಿಗಿ. ಹಾಗಾಗಿಯೇ ಸುಮಾರು 200 ಕಿ.ಮೀ. ದಪ್ಪದ ಆ ಬುಡ ಇನ್ನೂ ಕುಸಿದಿಲ್ಲ.

ಅದರಲ್ಲಿ ಹೆಚ್ಚಿನ ಪಾಲು ಹಸಿರು ಆಲಿವೀನ್ ಖನಿಜ, ನಂತರ ಆರ್ಥೊಪೈರಾಕ್ಸೀನ್. ನೇರಳೆಗೆಂಪು ಗಾರ್ನೆಟ್, ಪಚ್ಚೆಬಣ್ಣದ ಕ್ರೋಮ್ ಡಯಾಪ್ಸೈಡ್ ಸ್ವಲ್ಪ.

ಮಾದರಿ ಸಿಗುವುದು ಕಿಂಬರ್ಲೈಟ್ (ಆಳದಿಂದ ವೇಗವಾಗಿ ಮೇಲೆದ್ದು ಗಟ್ಟಿಯಾದ ಜ್ವಾಲಾಮುಖಿ ಶಿಲೆ) ಹೊತ್ತು ತಂದ ತುಣುಕುಗಳಲ್ಲಿ. ನಮಗೆ ಹತ್ತಿರದ ಕಿಂಬರ್ಲೈಟ್ ತಾಣ ಆಂಧ್ರದ ವಜ್ರಕರೂರು. ತುಣುಕಿನ ವಯಸ್ಸನ್ನು ರೀನಿಯಂ–ಆಸ್ಮಿಯಂ ಎಂಬ ಲೋಹಗಳಿಂದ ಅಳೆಯುತ್ತಾರೆ; ರೀನಿಯಂನ ಒಂದು ಬಗೆ ನಿಧಾನವಾಗಿ ಆಸ್ಮಿಯಂ ಆಗುತ್ತಾ ಹೋಗುತ್ತದೆ: ಕರಗುವಾಗ ರೀನಿಯಂ ರಸಕ್ಕೆ ಹೋಗುತ್ತದೆ, ಆಸ್ಮಿಯಂ ಚರಟದಲ್ಲೇ ನಿಲ್ಲುತ್ತದೆ. ಆದರೆ ಕಿಂಬರ್ಲೈಟ್ ತುಣುಕಿನೊಳಗೆ ಜಿನುಗಿದರೆ ಹೊಸ ರೀನಿಯಂ ಸೇರಿ ಲೆಕ್ಕ ಕೆಡುತ್ತದೆ. ಆದ್ದರಿಂದ ಅಂಚನ್ನು ಗರಗಸದಿಂದ ಕತ್ತರಿಸಿ ತೆಗೆದು, ಒಳತಿರುಳನ್ನಷ್ಟೇ ಪುಡಿಮಾಡಬೇಕು.