ಮನೆಯಲ್ಲೇ ಮೂರು ಪದರದ ಬೆಚ್ಚಗಿನ ಹೊದಿಕೆ ಹೊಲಿಯೋದು ಹೇಗೆ? ಒಗೆದಾಗ ಒಳಗಿನದು ಗುಡ್ಡೆಯಾಗದಂತೆ ಏನು ಮಾಡಬೇಕು?

ನಿಮ್ಮ ಹತ್ತಿರ ಸಾಮಾನ್ಯ ಹೊಲಿಗೆ ಯಂತ್ರ ಇದೆ, ನೇರ ಹೊಲಿಗೆ ಮಾತ್ರ ಬರುತ್ತದೆ, ಒಳಗೆ ಏನು ಹಾಕಬೇಕು ಅಂತ ಗೊತ್ತಿಲ್ಲ, ಒಗೆದರೆ ಎಲ್ಲ ಒಂದು ಮೂಲೆಗೆ ಸೇರುತ್ತದೆ ಅನ್ನೋ ಭಯ ಬೇರೆ. ಇಷ್ಟು ನೀವು ಬರೆದಿದ್ದೀರಿ. ನಾನು ಇಂಥ ಹೊದಿಕೆಗಳನ್ನು ಮನೆಮಂದಿಗೆ, ಗೆಳೆಯರಿಗೆ ಹೊಲಿದು ಕೊಡುತ್ತಿರುತ್ತೇನೆ. ಆ ಧೈರ್ಯದ ಮೇಲೆ ಹೇಳುತ್ತೇನೆ.

ನೇರ ಹೊಲಿಗೆ ಬಂದರೆ ಸಾಕು. ಹೊದಿಕೆಗೆ ತೋಳಿಲ್ಲ, ಕಾಲರ್ ಇಲ್ಲ, ಅಳತೆ ಎರಡು ಸೆಂಟಿಮೀಟರ್ ಆಚೀಚೆ ಆದರೆ ಯಾರಿಗೂ ಬಿಗಿಯಾಗುವುದಿಲ್ಲ. ಕಷ್ಟವೆಲ್ಲ ಹೊಲಿಯುವ ಮೊದಲೇ ಇದೆ. ಮೂರು ಪದರ ಒಂದರ ಮೇಲೊಂದು ಸುಕ್ಕಿಲ್ಲದೆ ಕೂತು, ಅಲುಗಾಡದೆ ಇದ್ದರೆ ಮುಂದಿನದು ಸುಮ್ನೆ ಗೆರೆ ಎಳೆದ ಹಾಗೆ. ಅದಕ್ಕೇ ನನ್ನ ಉತ್ತರದಲ್ಲಿ ಹೊಲಿಗೆಗಿಂತ ತಯಾರಿಯ ಮಾತೇ ಜಾಸ್ತಿ ಇರುತ್ತದೆ.

ಮೊದಲು ಒಳಗಿನ ಪದರ. ನಮ್ಮನ್ನು ಬೆಚ್ಚಗಿಡುವುದು ಬಹುಪಾಲು ಬಟ್ಟೆಯೊಳಗೆ ಸಿಕ್ಕಿಕೊಂಡ ಗಾಳಿ. ಅದು ಓಡಾಡದೆ ನಿಂತಿದ್ದರೆ ಮೈಯ ಬಿಸಿ ಹೊರಗೆ ಹೋಗುವುದು ನಿಧಾನವಾಗುತ್ತದೆ. ಹಾಗಾಗಿ ಒಂದೇ ಗಟ್ಟಿ ನೇಯ್ಗೆಯ ದಪ್ಪ ಬಟ್ಟೆಗಿಂತ, ಅಷ್ಟೇ ತೂಕದ ಮೂರು ಸಡಿಲ ನೇಯ್ಗೆಯ ತೆಳು ಬಟ್ಟೆಗಳು ಬೆಚ್ಚಗಿರುತ್ತವೆ. ಒಳಗೆ ಏನೇನೋ ತುರುಕಿ ಕಲ್ಲಿನಂತೆ ಭಾರ ಮಾಡುವ ಅಗತ್ಯ ಇಲ್ಲ.

ನಿಮ್ಮ ಮೊದಲ ಹೊದಿಕೆಗೆ ನಾನು ಹೇಳುವುದು ಫ್ಲಾನೆಲ್. ಕಾಟನ್ ಫ್ಲಾನೆಲ್‌ಗೆ ಮೇಲ್ಮೈಯಲ್ಲಿ ನವಿರಾದ ರೋಮ ಎಬ್ಬಿಸಿರುತ್ತಾರೆ. ಅದರಿಂದ ಪದರಗಳು ಒಂದಕ್ಕೊಂದು ಹಿಡಿದುಕೊಳ್ಳುತ್ತವೆ, ಜಾರುವುದಿಲ್ಲ. ಮೇಲೆ ನಿಮಗಿಷ್ಟವಾದ ಕಾಟನ್, ನಡುವೆ ಫ್ಲಾನೆಲ್, ಕೆಳಗೆ ಇನ್ನೊಂದು ಫ್ಲಾನೆಲ್. ನೇಯ್ದ ಬಟ್ಟೆಯೇ ನಡುವೆ ಇದ್ದರೆ ಅದು ಗುಡ್ಡೆಯಾಗುವ ಪ್ರಶ್ನೆಯೇ ಬರುವುದಿಲ್ಲ, ಅಲ್ವಾ? ಮನೆಯಲ್ಲಿ ಸವೆದು ಮೆತ್ತಗಾದ ಹಳೆಯ ತೆಳು ಕಂಬಳಿಯೋ ಹೊದಿಕೆಯೋ ಇದ್ದರೆ ಅದನ್ನೂ ನಡುವೆ ಹಾಕಬಹುದು. ಹಳೆಯ ಬೆಡ್‌ಶೀಟ್ ಕೂಡ ನಡೆಯುತ್ತದೆ. ಆದರೆ ತುಂಬಾ ಒತ್ತು ನೇಯ್ಗೆಯ ಶೀಟ್ ಆದರೆ ಕೈಸೂಜಿ ಇಳಿಯುವುದೇ ಕಷ್ಟ, ಬೆರಳು ನೋಯುತ್ತದೆ. ಅದನ್ನು ಯಂತ್ರದ ಹೊಲಿಗೆಗೆ ಇಟ್ಟುಕೊಳ್ಳಿ.

ಉಬ್ಬಿದ, ಮೆತ್ತನೆ ಹೊದಿಕೆ ಬೇಕು ಅಂದರೆ ಬ್ಯಾಟಿಂಗ್ ಅಂತ ಹಾಳೆಯ ರೂಪದಲ್ಲಿ ಸಿಗುವ ಹತ್ತಿ, ಪಾಲಿಯೆಸ್ಟರ್ ಅಥವಾ ಉಣ್ಣೆ ತಗೊಳ್ಳಿ. ಹತ್ತಿಯದು ಚಪ್ಪಟೆಯಾಗಿ ಕೂರುತ್ತದೆ, ಬೆವರು ಹೀರುತ್ತದೆ, ಒಗೆದರೆ ತುಸು ಕುಗ್ಗುತ್ತದೆ. ಪಾಲಿಯೆಸ್ಟರ್ ಹಗುರ, ಬೇಗ ಒಣಗುತ್ತದೆ, ಕುಗ್ಗುವುದಿಲ್ಲ, ಆದರೆ ಬೆವರು ಹೀರುವುದಿಲ್ಲ. ಉಣ್ಣೆ ಬಲು ಬೆಚ್ಚಗೆ. ಆದರೆ ಬಿಸಿನೀರಲ್ಲಿ ಹಾಕಿ ತಿರುವಿದರೆ ಅದು ಮುದ್ದೆಗಟ್ಟಬಹುದು, ಮೊದಲ ಹೊದಿಕೆಗೆ ಬೇಡ.

ಬಿಡಿ ಹತ್ತಿಯನ್ನಂತೂ ದಯವಿಟ್ಟು ಹಾಕಬೇಡಿ. ಹಳೆ ದಿಂಬು ಬಿಚ್ಚಿ ಅದರ ಹತ್ತಿ ಹರಡಿದರೆ ಆಯಿತು ಅಂತ ಅನಿಸುತ್ತದೆ. ಅದರ ಎಳೆಗಳಿಗೆ ಪರಸ್ಪರ ಹಿಡಿತವೇ ಇರುವುದಿಲ್ಲ. ನೀವು ಹೆದರುತ್ತಿರುವ ಗುಡ್ಡೆ ಇದೇ. ಹಾಳೆ ಬ್ಯಾಟಿಂಗ್‌ನಲ್ಲಿ ಎಳೆಗಳನ್ನು ಸೂಜಿಗಳಿಂದ ಚುಚ್ಚಿ ಹೆಣೆದೋ, ಅಂಟು ಅಥವಾ ಶಾಖದಿಂದ ಕೂಡಿಸಿಯೋ ಇರುತ್ತಾರೆ. ಆದರೂ ಎಲ್ಲದಕ್ಕೂ ಒಂದು ಮಿತಿ ಇದೆ. ಹೊಲಿಗೆಯ ಎರಡು ಸಾಲುಗಳ ನಡುವೆ ಎಷ್ಟು ಅಂತರ ಬಿಡಬಹುದು ಅಂತ ಪ್ಯಾಕೆಟ್ ಮೇಲೆ ಬರೆದಿರುತ್ತಾರೆ. ಕೆಲವಕ್ಕೆ 8ರಿಂದ 10 ಸೆಂ.ಮೀ., ಇನ್ನು ಕೆಲವಕ್ಕೆ 20–25 ಸೆಂ.ಮೀ. ತನಕ ನಡೆಯುತ್ತದೆ. ಗುಡ್ಡೆಯ ಭಯಕ್ಕೆ ಔಷಧಿ ಆ ಒಂದು ಸಾಲಿನಲ್ಲೇ ಇದೆ. ಪ್ಯಾಕೆಟ್ ಇಲ್ಲದೆ ತುಂಡಾಗಿ ಕೊಂಡಿದ್ದರೆ 10 ಸೆಂ.ಮೀ. ದಾಟಬೇಡಿ. ಹಾಗಂತ ಎರಡು ಸೆಂಟಿಮೀಟರ್‌ಗೊಂದು ಸಾಲು ಹೊಡೆದರೆ ಉಬ್ಬು ಅಷ್ಟೂ ಒತ್ತಿಹೋಗಿ, ಹೊದಿಕೆ ರಟ್ಟಿನಂತೆ ಬಿರುಸಾಗುತ್ತದೆ. ಬೆಚ್ಚಗಿಡುವ ಗಾಳಿಯನ್ನು ನಾವೇ ಹೊರಗೆ ಹಾಕಿದ ಹಾಗೆ.

ಕತ್ತರಿ ಮುಟ್ಟುವ ಮೊದಲು ಬಟ್ಟೆ ಒಗೆಯಿರಿ. ಇದನ್ನು ಎಲ್ಲರೂ ಹೇಳುತ್ತಾರೆ, ಬಹಳ ಜನ ಮಾಡುವುದಿಲ್ಲ. ಕಾಟನ್ ಮೊದಲ ಒಗೆತದಲ್ಲಿ ಸಾಮಾನ್ಯವಾಗಿ ನೂರಕ್ಕೆ 3ರಿಂದ 5ರಷ್ಟು ಕುಗ್ಗುತ್ತದೆ. ಫ್ಲಾನೆಲ್, ಗಾಜ್ (ಗಾಯಕ್ಕೆ ಕಟ್ಟುವಂಥ ಜಾಳು ಬಟ್ಟೆ) ಥರದ ಸಡಿಲ ಬಟ್ಟೆ ಇನ್ನೂ ಜಾಸ್ತಿ. ಫ್ಲೀಸ್, ಅಂದರೆ ಮೆತ್ತನೆ ರೋಮದ ಪಾಲಿಯೆಸ್ಟರ್ ಬಟ್ಟೆ, ಕುಗ್ಗುವುದೇ ಇಲ್ಲ ಅನ್ನಬಹುದು. ಈಗ ಒಂದು ಕಡೆ ಕಾಟನ್, ಇನ್ನೊಂದು ಕಡೆ ಫ್ಲೀಸ್ ಇಟ್ಟು, ಒಗೆಯದೆ ಹೊಲಿದಿರಿ ಅಂದುಕೊಳ್ಳಿ. 140 ಸೆಂ.ಮೀ. ಉದ್ದದಲ್ಲಿ ಕಾಟನ್ 4–7 ಸೆಂ.ಮೀ. ಒಳಗೆ ಹೋಗುತ್ತದೆ, ಫ್ಲೀಸ್ ಅಲ್ಲೇ ಇರುತ್ತದೆ. ಹೊದಿಕೆಯ ಬೆನ್ನು ಪೂರ್ತಿ ಜೋಲುತ್ತದೆ. ಅದನ್ನು ಆಮೇಲೆ ಸರಿ ಮಾಡಲು ಬರುವುದಿಲ್ಲ. ಗಾಢ ಕೆಂಪು, ನೀಲಿ ಬಟ್ಟೆ ಇದ್ದರೆ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಬಣ್ಣ ಅಂಟಿದರೆ ಇನ್ನೊಮ್ಮೆ ಬೇರೆಯಾಗಿ ಒಗೆಯಿರಿ.

ಅಳತೆ ವಿಷಯಕ್ಕೆ ಬಂದರೆ, ಸೋಫಾ ಮೇಲೆ ಕಾಲಿಗೆ ಹೊದ್ದುಕೊಳ್ಳುವಷ್ಟು ದೊಡ್ಡದರಿಂದ ಶುರು ಮಾಡಿ. 110 ಸೆಂ.ಮೀ. ಪನ್ನದ ಬಟ್ಟೆ 160 ಸೆಂ.ಮೀ. ಉದ್ದ ತಗೊಂಡರೆ ಒಗೆದು, ಅಂಚಿನ ಗಟ್ಟಿ ಪಟ್ಟಿ ತೆಗೆದು, ಅಂಚು ಮಡಚಲು ಬಿಟ್ಟು, ಸುಮಾರು 90 × 140 ಉಳಿಯುತ್ತದೆ. ಜೋಡಣೆ ಬೇಡ. ಒಂಟಿ ಮಂಚದ ಅಳತೆಗೆ, ಅಂದರೆ 150 × 220 ಹತ್ತಿರಕ್ಕೆ, ಬಟ್ಟೆ ಕೂಡಿಸಲೇಬೇಕು. ಆಗ ನಡುವೆ ಒಂದು ಇಡೀ ಪನ್ನ, ಎರಡೂ ಪಕ್ಕಕ್ಕೆ ಒಂದೊಂದು ಪಟ್ಟಿ ಬರಲಿ. ನಟ್ಟ ನಡುವೆ ಜೋಡಣೆಯ ಗೆರೆ ಬಂದರೆ ನೋಡಲಿಕ್ಕೂ ಚೆನ್ನಾಗಿರಲ್ಲ, ಮಡಚುವಾಗ ಅಲ್ಲೇ ಸವೆಯುತ್ತದೆ ಕೂಡ.

ಈಗ ಮುಖ್ಯ ಕೆಲಸ. ನೆಲ ಒರೆಸಿ, ಕೆಳಗಿನ ಬಟ್ಟೆಯನ್ನು ಒಳಮೈ ಮೇಲೆ ಬರುವಂತೆ ಹಾಸಿ. ನಾಲ್ಕೂ ಬದಿಗೆ ಪೇಪರ್ ಟೇಪ್ ಹಚ್ಚಿ ನೆಲಕ್ಕೆ ಹಿಡಿಸಿ. ಬಿಗಿ ಇರಬೇಕು, ಆದರೆ ಎಳೆದಿರಬಾರದು. ಎಳೆದು ಹಚ್ಚಿದರೆ ಟೇಪ್ ತೆಗೆದ ಕೂಡಲೇ ಅದು ಮುದುಡಿ, ಮೇಲಿನ ಬಟ್ಟೆ ಗುಳ್ಳೆ ಎದ್ದ ಹಾಗೆ ನಿಲ್ಲುತ್ತದೆ. ಅದರ ಮೇಲೆ ನಡುವಿನ ಪದರ ಹಾಸಿ, ಅಂಗೈಯಿಂದ ನಡುವಿನಿಂದ ಅಂಚಿನ ಕಡೆಗೆ ಸವರಿ. ಆಮೇಲೆ ಮೇಲಿನ ಬಟ್ಟೆ, ಅದನ್ನೂ ಹಾಗೇ. ಅಂಗೈ ಸವರುವಾಗ ಒಳಗಿನ ಮಡಿಕೆ ಕೈಗೆ ಗೊತ್ತಾಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಈ ಹೊತ್ತಲ್ಲಿ ಅವಸರ ಮಾಡಬೇಡಿ. ಕೆಳಗಿನ ಎರಡು ಪದರ ಮೇಲಿನದಕ್ಕಿಂತ ನಾಲ್ಕೂ ಕಡೆ 5 ಸೆಂ.ಮೀ. ದೊಡ್ಡದಿರಲಿ.

ಈಗ ಪಿನ್. ಗುಂಡುಸೂಜಿ ಬೇಡ, ಚುಚ್ಚುತ್ತದೆ, ಉದುರುತ್ತದೆ. ಸೇಫ್ಟಿ ಪಿನ್ ಹಾಕಿ. ಬಟ್ಟೆ ಮೇಲೆ ಎಲ್ಲಿ ಮುಷ್ಟಿ ಇಟ್ಟರೂ ಒಂದು ಪಿನ್ ತಾಗಬೇಕು, ಅಷ್ಟು ಹತ್ತಿರ. ನಡುವಿನಿಂದ ಶುರು ಮಾಡಿ ಹೊರಗೆ ಬನ್ನಿ. ಪಿನ್ ಅಷ್ಟೊಂದು ಇಲ್ಲದಿದ್ದರೆ ಕಚ್ಚಾ ಹೊಲಿಗೆ ಹಾಕಿ. ಉದ್ದ ಸೂಜಿ, ಎದ್ದು ಕಾಣುವ ಬಣ್ಣದ ದಾರ, 4–5 ಸೆಂ.ಮೀ. ಉದ್ದದ ಹೊಲಿಗೆ, ಸಾಲಿನಿಂದ ಸಾಲಿಗೆ ಒಂದು ಅಂಗೈ ಅಗಲ. ಬೇಸರದ ಕೆಲಸ ನಿಜ. ಆದರೆ ನನ್ನನ್ನು ಕೇಳಿದರೆ ಪಿನ್‌ಗಿಂತ ಇದೇ ಮೇಲು, ಯಂತ್ರದ ಪಾದಕ್ಕೆ ಏನೂ ಅಡ್ಡ ಬರುವುದಿಲ್ಲ.

ಯಂತ್ರದಲ್ಲಿ ಒಂದು ಸಹಜ ತೊಂದರೆ ಇದೆ, ಅದನ್ನು ತಿಳಿದಿದ್ದರೆ ಒಳ್ಳೆಯದು. ಕೆಳಗಿರುವ ಹಲ್ಲುಗಳು ಕೆಳಗಿನ ಬಟ್ಟೆಯನ್ನು ಎಳೆಯುತ್ತವೆ. ಮೇಲಿನದನ್ನು ಪಾದ ಒತ್ತಿ ಹಿಡಿದಿರುತ್ತದೆ. ಪದರ ಜಾಸ್ತಿಯಾದಂತೆ ಕೆಳಗಿನದು ಮುಂದೆ ಓಡುತ್ತದೆ, ಮೇಲಿನದು ಹಿಂದೆ ಬೀಳುತ್ತದೆ. ಸಾಲಿನ ಕೊನೆಯಲ್ಲಿ ಬಟ್ಟೆ ಅಲೆಯಾಗಿ ಸೇರಿಕೊಳ್ಳುವುದು ಇದರಿಂದಲೇ. ವಾಕಿಂಗ್ ಫುಟ್ ಅನ್ನುವ ಪಾದಕ್ಕೆ ಮೇಲೂ ಹಲ್ಲು ಇರುತ್ತದೆ, ಎರಡೂ ಕಡೆ ಸಮನಾಗಿ ಎಳೆಯುತ್ತದೆ. ಕೊಳ್ಳಲು ಆಗುವಂತಿದ್ದರೆ ಈ ಒಂದು ವಸ್ತು ಕೊಳ್ಳಿ, ಉಳಿದದ್ದೆಲ್ಲ ಬಿಡಿ. ಇಲ್ಲದಿದ್ದರೆ ಪಾದದ ಒತ್ತಡ ಕಡಿಮೆ ಮಾಡಿ, ಹೊಲಿಗೆಯ ಉದ್ದ 3ರಿಂದ 3.5 ಮಿ.ಮೀ. ಇಟ್ಟು, ನಿಧಾನವಾಗಿ ಓಡಿಸಿ. ಸೂಜಿ ಹೊಸದು ಹಾಕಿ, 90/14 ಅಳತೆಯದು ಸಾಕಾಗುತ್ತದೆ. ಫ್ಲೀಸ್ ಆದರೆ ತುದಿ ದುಂಡಗಿರುವ ಬಾಲ್‌ಪಾಯಿಂಟ್ ಸೂಜಿ. ಫ್ಲೀಸ್ ಮೇಲೆ ಬಿಸಿ ಇಸ್ತ್ರಿ ಇಡಬೇಡಿ, ಕರಗುತ್ತದೆ.

ಮೊದಲ ಸಾಲು ಹೊದಿಕೆಯ ನಟ್ಟ ನಡುವೆ ಬರಲಿ. ಆಮೇಲೆ ಬಲಕ್ಕೊಂದಿಷ್ಟು, ಎಡಕ್ಕೊಂದಿಷ್ಟು. ಎಲ್ಲ ಸಾಲುಗಳನ್ನೂ ಒಂದೇ ತುದಿಯಿಂದ ಶುರು ಮಾಡಿ. ಒಂದು ಸಾಲು ಮೇಲಿಂದ ಕೆಳಕ್ಕೆ, ಪಕ್ಕದ್ದು ಕೆಳಗಿಂದ ಮೇಲಕ್ಕೆ ಹೊಡೆದರೆ ನಡುವಿನ ಬಟ್ಟೆ ಓರೆಯಾಗಿ ಎಳೆದುಕೊಂಡು ಸುಕ್ಕು ಬೀಳುತ್ತದೆ. ಹೊದಿಕೆಯ ಭಾರ ಮೇಜಿನಿಂದ ಕೆಳಗೆ ಜೋತುಬೀಳದಂತೆ ಪಕ್ಕದಲ್ಲೊಂದು ಕುರ್ಚಿ ಇಟ್ಟುಕೊಳ್ಳಿ. ಭಾರ ಎಳೆದಷ್ಟೂ ಸಾಲು ಸೊಟ್ಟಗಾಗುತ್ತದೆ.

ಇಷ್ಟೆಲ್ಲ ಯಂತ್ರದ ರಗಳೆ ಬೇಡ ಅಂದರೆ ಗಂಟು ಹಾಕಿ ಮುಗಿಸಬಹುದು. ಉಬ್ಬಿದ ಪಾಲಿಯೆಸ್ಟರ್ ಹಾಕಿದ್ದರೆ ನಾನು ಗಂಟನ್ನೇ ಆರಿಸಿಕೊಳ್ಳುತ್ತೇನೆ, ಉಬ್ಬು ಹಾಗೇ ಉಳಿಯುತ್ತದೆ. ದಪ್ಪ ಕಸೂತಿ ದಾರವನ್ನು ದೊಡ್ಡ ಸೂಜಿಗೆ ಪೋಣಿಸಿ, ಮೇಲಿಂದ ಇಳಿಸಿ, ಅರ್ಧ ಸೆಂಟಿಮೀಟರ್ ಪಕ್ಕದಲ್ಲಿ ಮೇಲೆ ತೆಗೆಯಿರಿ. ಅದೇ ಜಾಗದಲ್ಲಿ ಇನ್ನೊಂದು ಸಲ. ಆಮೇಲೆ ಬಲತುದಿ ಎಡತುದಿಯ ಮೇಲೆ, ಮತ್ತೆ ಎಡತುದಿ ಬಲತುದಿಯ ಮೇಲೆ ಹಾಕಿ ಬಿಗಿದರೆ ಜಾರದ ಗಂಟು. ಎರಡು ಸಲವೂ ಒಂದೇ ಕಡೆಗೆ ಹಾಕಿದರೆ ಒಗೆತದಲ್ಲಿ ಬಿಚ್ಚಿಕೊಳ್ಳುತ್ತದೆ. ತುದಿ 2 ಸೆಂ.ಮೀ. ಬಿಟ್ಟು ಕತ್ತರಿಸಿ. ಗಂಟಿನಿಂದ ಗಂಟಿಗೆ 10 ಸೆಂ.ಮೀ. ಸಾಕು. ಟಿವಿ ನೋಡುತ್ತಾ ಮಾಡುವ ಕೆಲಸ.

ಅಂಚು ಸುಲಭ. ಕೆಳಗಿನ ಬಟ್ಟೆ 5 ಸೆಂ.ಮೀ. ದೊಡ್ಡದು ಬಿಟ್ಟಿದ್ದೆವಲ್ಲ, ನಡುವಿನ ಪದರವನ್ನು ಮಾತ್ರ ಮೇಲಿನದರ ಸಮಕ್ಕೆ ಕತ್ತರಿಸಿ. ಉಳಿದ ಕೆಳಬಟ್ಟೆಯನ್ನು ಅರ್ಧಕ್ಕೆ ಮಡಚಿ, ಮತ್ತೊಮ್ಮೆ ಮಡಚಿ ಮೇಲೆ ತಂದು, ಅಂಚಿನ ಮೇಲೆ ನೇರ ಹೊಲಿಗೆ ಹೊಡೆಯಿರಿ. ಸುತ್ತಲೂ ಎರಡೂವರೆ ಸೆಂಟಿಮೀಟರ್‌ನ ಅಂದವಾದ ಪಟ್ಟಿ ಬರುತ್ತದೆ. ಎದುರುಬದುರಿನ ಎರಡು ಬದಿ ಮೊದಲು, ಉಳಿದೆರಡು ಆಮೇಲೆ. ದಿಂಬಿನ ಚೀಲದಂತೆ ಮೂರು ಬದಿ ಹೊಲಿದು ಒಳಗಿನದನ್ನು ಹೊರಕ್ಕೆ ತಿರುಗಿಸುವ ವಿಧಾನವೂ ಇದೆ. ಚಿಕ್ಕದಕ್ಕೆ ಸರಿ. ದೊಡ್ಡದಕ್ಕೆ ತಿರುಗಿಸುವಾಗ ನಡುವಿನ ಪದರ ತಿರುಚಿಕೊಳ್ಳುತ್ತದೆ, ನನಗಂತೂ ಇಷ್ಟ ಇಲ್ಲ.

ಪುಟ್ಟ ಮಗುವಿಗೆ ಅಂತ ಹೊಲಿಯುವುದಾದರೆ ಒಂದು ಮಾತು. ಒಂದು ವರ್ಷದೊಳಗಿನ ಮಗು ಮಲಗಿದಾಗ ಸಡಿಲ ಹೊದಿಕೆ ಹಾಕಬಾರದು ಅಂತ ಮಕ್ಕಳ ವೈದ್ಯರು ಹೇಳುತ್ತಾರೆ, ಉಸಿರಿಗೆ ಅಡ್ಡ ಬರಬಹುದು. ನೆಲದ ಮೇಲೆ ಹಾಸಿ ಆಡಿಸಲು ಹೊಲಿಯಿರಿ. ಗಂಟು, ಗುಂಡಿ, ಕುಚ್ಚು ಬೇಡ, ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತವೆ.

ಒಗೆಯುವಾಗ ತಣ್ಣೀರು, ಹಿಂಡಬೇಡಿ, ಒತ್ತಿ ನೀರು ತೆಗೆಯಿರಿ. ನೀರು ಹೀರಿದ ಹೊದಿಕೆ ತುಂಬಾ ಭಾರ. ಒಂದೇ ಹಗ್ಗಕ್ಕೆ ಅಂಚು ಹಿಡಿದು ತೂಗುಹಾಕಿದರೆ ಹೊಲಿಗೆ ಎಳೆದು ಆಕಾರ ಕೆಡುತ್ತದೆ. ಎರಡು ಹಗ್ಗಗಳ ಮೇಲೆ ಅಡ್ಡಡ್ಡ ಹರಡಿ, ಅರ್ಧ ಒಣಗಿದ ಮೇಲೆ ಮಗುಚಿ ಹಾಕಿ. ನಡುವಿನ ಪದರ ಪೂರ್ತಿ ಒಣಗದೆ ಮಡಚಿಟ್ಟರೆ ಮುಗ್ಗಲು ವಾಸನೆ ಬರುತ್ತದೆ. ಹೊರಗೆ ಒಣಗಿದ ಹಾಗೆ ಕಂಡರೂ ದಪ್ಪ ಇರುವ ಕಡೆ, ಅಂಚಿನ ಪಟ್ಟಿಯಲ್ಲಿ, ಚಿವುಟಿ ನೋಡಿ. ತಣ್ಣಗೆ ತಾಗಿದರೆ ಇನ್ನೊಂದು ದಿನ ಬಿಡಿ.

ನಿಮ್ಮ ಹತ್ತಿರ ಯಾವ ಬಟ್ಟೆ ಇದೆ, ಎಷ್ಟು ಅಳತೆ ಬೇಕು ಅಂತ ಬರೆದರೆ ಸಾಲಿನ ಅಂತರ ಎಷ್ಟಿರಲಿ ಅಂತ ಹೇಳುತ್ತೇನೆ.