ಪದಪಟ್ಟಿ ಸಾಕು, ಆ ಅಜ್ಜನ ಮಾತು ಬೇಕು

ನಮಸ್ಕಾರ,

ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್ ಹಳ್ಳಿಗಳ ಆಡುಮಾತಿನ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಆದರೆ ದಯವಿಟ್ಟು ಇದನ್ನು ಕೈಬಿಡಬೇಡಿ.

ಮೊದಲ ಮೂರು ಪುಟ ಬರೀ ಪಟ್ಟಿ. 'ಬೆಕ್' ಅಂದರೆ ತೊರೆ, 'ಲೇಕ್' ಅಂದರೆ ಆಟ ಆಡು, 'ಗಿಮ್ಮರ್' ಅಂದರೆ ಎಳೆಯ ಹೆಣ್ಣು ಕುರಿ. ಹತ್ತನೇ ಪದಕ್ಕೆ ಬರುವಷ್ಟರಲ್ಲಿ ನನಗೆ ಮೊದಲನೆಯದು ಮರೆತೇಹೋಗಿತ್ತು. ಪಟ್ಟಿಯ ಕೆಲಸವನ್ನು ಜೋಸೆಫ್ ರೈಟ್ ಆಗಲೇ ಮಾಡಿಟ್ಟಿದ್ದಾರೆ. 1898ರಿಂದ 1905ರವರೆಗೆ ಆರು ಸಂಪುಟಗಳ ಉಪಭಾಷಾ ನಿಘಂಟು ತಂದವರು ಅವರು. ಅದೇ ಯಾರ್ಕ್‌ಶೈರ್‌ನ ಬಡ ಹುಡುಗ, 15 ವರ್ಷದವರೆಗೂ ಓದು ಬರುತ್ತಿರಲಿಲ್ಲ, ಆಮೇಲೆ ಆಕ್ಸ್‌ಫರ್ಡ್‌ನಲ್ಲಿ ಪ್ರೊಫೆಸರ್ ಆದರು. ಅವರ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ.

ಈ ಹಳ್ಳಿ ಪದಗಳೆಲ್ಲ 'ಕೆಟ್ಟುಹೋದ ಇಂಗ್ಲಿಷ್' ಅಂದಿದ್ದೀರಿ. ಅದು ತಪ್ಪು. 866ರಲ್ಲಿ ಸ್ಕ್ಯಾಂಡಿನೇವಿಯಾದ ವೈಕಿಂಗರು ಅಲ್ಲಿನ ಯಾರ್ಕ್ ನಗರ ಹಿಡಿದರು, ಸುತ್ತಲಿನ ಊರುಗಳಲ್ಲಿ ನೆಲೆ ನಿಂತರು. ಮೇಲಿನ ಮೂರೂ ಪದಗಳು ಅವರ ನಾರ್ಸ್ ಭಾಷೆಯವು.

ನಾಲ್ಕನೇ ಪುಟದಲ್ಲಿ, ಸ್ವೇಲ್‌ಡೇಲ್ ಕಣಿವೆಯ ಆ ಕುರಿಗಾರ ಅಜ್ಜ ಬಂದ ಕೂಡಲೇ ನಾನು ನೆಟ್ಟಗೆ ಕೂತೆ. ಮೊಮ್ಮಗ ಅವರನ್ನು 'ದಾ', ಅಂದರೆ 'ನೀನು', ಅಂತಾನೆ. ಅಜ್ಜ ರೇಗುತ್ತಾರೆ: "ಡೋಂಟ್ ದೀ ದಾ ಮೀ!" ನನಗೆ ನೀನು ಗೀನು ಅನ್ನಬೇಡ ಅಂತ. ಇಂಗ್ಲೆಂಡಿನ ಬಹುಪಾಲು ಜನ ಎಲ್ಲರಿಗೂ 'ಯೂ' ಅನ್ನಲು ಶುರುಮಾಡಿ ಎಷ್ಟೋ ಕಾಲವಾಯಿತು. ಆದರೆ ಈ ಹಳ್ಳಿಗಳು ಹಳೆಯ 'ನೀನು' ಉಳಿಸಿಕೊಂಡವು. ಗೆಳೆಯರ ನಡುವೆ ಅದು ಸಲುಗೆ, ಹಿರಿಯರಿಗೆ ಅಂದರೆ ಅವಮಾನ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? "ಏಕವಚನದಲ್ಲಿ ಮಾತಾಡ್ತೀಯಾ?" ಅಂತ ಎಷ್ಟು ಜಗಳ ನೋಡಿಲ್ಲ ನಾವು! ಲಂಡನ್ನಿನವರಿಗಿಂತ ಬೇಗ ಇದು ನಮ್ಮ ಓದುಗರಿಗೆ ನಾಟುತ್ತದೆ. ನೀವೋ "ತಮಾಷೆಯ ಮಾತು" ಅಂದು ಎರಡೇ ಸಾಲಿಗೆ ಮುಗಿಸಿದ್ದೀರಿ. ಓದುತ್ತಾ ನನಗೆ ನಿಜಕ್ಕೂ ಸಂಕಟವಾಯಿತು.

ಇನ್ನೊಂದು. 'ವೇರ್ ದೇರ್ಸ್ ಮಕ್, ದೇರ್ಸ್ ಬ್ರಾಸ್' ಗಾದೆಗೆ ಸುಮ್ನೆ 'ಕೈ ಕೆಸರಾದರೆ ಬಾಯಿ ಮೊಸರು' ಹಾಕಿದ್ದೀರಿ. ಹತ್ತಿರ ಇದೆ, ಆದರೆ ಒಂದೇ ಅಲ್ಲ. ನಮ್ಮದು ದುಡಿಮೆಯ ಮಾತು. ಅವರದು ಯಾರೂ ಮುಟ್ಟಲು ಇಷ್ಟಪಡದ ಕೊಳಕು ಕೆಲಸದಲ್ಲೇ ದುಡ್ಡಿದೆ ಅನ್ನುವ ಮಾತು. 'ಮಕ್' ಅಂದರೆ ಕೊಳಕು; 'ಬ್ರಾಸ್' ಅಂದರೆ ಹಿತ್ತಾಳೆ, ಅಲ್ಲಿನ ಮಾತಲ್ಲಿ ದುಡ್ಡು. ಆ ವ್ಯತ್ಯಾಸವನ್ನೇ ಬರೆಯಿರಿ.

ಲೇಖನ ಅಜ್ಜನಿಂದಲೇ ಶುರುವಾಗಲಿ. 'ಗಿಮ್ಮರ್' ಅವರ ಕುರಿಹಟ್ಟಿಯಲ್ಲಿ ಬರಲಿ, 'ಬೆಕ್' ಅವರ ಹೊಲದ ಅಂಚಿನಲ್ಲಿ ಹರಿಯಲಿ. ಬೈಸಿಕೊಂಡ ಮೇಲೆ ಆ ಹುಡುಗ ಏನಂದ? ಅದನ್ನು ನೀವು ಹೇಳಲೇ ಇಲ್ಲ.