ಒಡಹುಟ್ಟಿದವರಿಗೆ ‘ಆರಕ್ಕೆ ಸೊನ್ನೆ’ ಬಂದರೆ?

ಪ್ರಶ್ನೆ: ನನ್ನ ತಮ್ಮನಿಗೆ 36 ವರ್ಷ. ವಾರಕ್ಕೆ ಮೂರು ದಿನ ತುಮಕೂರಿಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತೇನೆ. ಸ್ಕ್ಯಾನಿಂಗ್‌ನಲ್ಲಿ ಎರಡೂ ಕಿಡ್ನಿ ತುಂಬ ನೀರುಗುಳ್ಳೆ. ಅಪ್ಪ ಹೋಗಿದ್ದೂ ಇದೇ ಕಾಯಿಲೆಯಿಂದ. ಕಸಿಗೆಂದು ಬೆಂಗಳೂರಿನಲ್ಲಿ ಟೆಸ್ಟ್ ಮಾಡಿಸಿದರೆ ಎಚ್‌ಎಲ್‌ಎ ಹೊಂದಾಣಿಕೆ ಅಮ್ಮನದು (61) ಆರಕ್ಕೆ ಮೂರು, ನನ್ನದು (42) ಆರಕ್ಕೆ ಸೊನ್ನೆ! ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಸೊನ್ನೆ ಹೇಗೆ ಎಂದು ನೆಂಟರು ಏನೇನೋ ಆಡಿಕೊಳ್ಳುತ್ತಿದ್ದಾರೆ. ಅಮ್ಮ ಸರಿಯಾಗಿ ಊಟವನ್ನೇ ಮಾಡುತ್ತಿಲ್ಲ. ತಮ್ಮನ ಹೆಂಡತಿ (32) ತಾನೇ ಕೊಡುತ್ತೇನೆ ಅನ್ನುತ್ತಾಳೆ. ರಕ್ತಸಂಬಂಧ ಇಲ್ಲದವರ ಕಿಡ್ನಿ ನಿಲ್ಲುತ್ತದೆಯೇ?
– ಹೆಸರು ಬೇಡ, ಗುಬ್ಬಿ ತಾಲ್ಲೂಕು

ಉತ್ತರ: ಮೊದಲು ಅಮ್ಮನಿಗೆ ಊಟ ಮಾಡಿಸಿ. ಆ ಸೊನ್ನೆಯಲ್ಲಿ ಅವರತ್ತ ಬೆರಳು ತೋರಿಸುವಂಥದ್ದು ಏನೂ ಇಲ್ಲ.

ಎಚ್‌ಎಲ್‌ಎ ಅಂದರೆ ಜೀವಕೋಶಗಳ ಮೇಲಿರುವ ಗುರುತು. ತನ್ನದು ಯಾವುದು, ಹೊರಗಿನದು ಯಾವುದು ಎಂದು ದೇಹ ಪತ್ತೆ ಹಚ್ಚುವುದು ಇದರಿಂದ. ಇದರ ಜೀನುಗಳು ಆರನೇ ವರ್ಣತಂತುವಿನಲ್ಲಿ ಒತ್ತೊತ್ತಾಗಿ ಕೂತಿರುವುದರಿಂದ ಸಾಮಾನ್ಯವಾಗಿ ಒಂದೇ ಸರವಾಗಿ ಮಗುವಿಗೆ ಬರುತ್ತವೆ. ಟೆಸ್ಟ್‌ನಲ್ಲಿ ಒಂದೊಂದು ಸರದಿಂದ ಮೂರು ಗುರುತು ಲೆಕ್ಕ ಹಾಕುತ್ತಾರೆ, ಎರಡು ಸರಕ್ಕೆ ಆರು. ಒಂದು ಚೀಟಿಯಲ್ಲಿ ಬರೆದು ನೋಡಿ: ಅಪ್ಪನ ಎರಡು ಸರ ಕ, ಖ, ಅಮ್ಮನವು ಚ, ಛ. ನಿಮಗೆ ಕ-ಚ ಬಂದು ತಮ್ಮನಿಗೆ ಖ-ಛ ಹೋಗಿದ್ದರೆ ಆರಕ್ಕೆ ಸೊನ್ನೆ! ಇಬ್ಬರೂ ಅದೇ ಅಪ್ಪ ಅಮ್ಮನ ಮಕ್ಕಳೇ. ಒಡಹುಟ್ಟಿದವರಲ್ಲಿ ಹೀಗಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆರಕ್ಕೆ ಆರು ಬರುವುದೂ ನಾಲ್ಕರಲ್ಲಿ ಒಂದೇ. ತಾಯಿ ಮಾತ್ರ ಪ್ರತಿ ಮಗುವಿಗೂ ತನ್ನದೊಂದು ಸರ ಕೊಟ್ಟೇ ಕೊಡುತ್ತಾಳೆ, ಅದಕ್ಕೇ ಅವರದು ಮೂರು. ಚೀಟಿಯನ್ನು ಆ ನೆಂಟರಿಗೂ ತೋರಿಸಿ.

ನನಗೆ ಸೊನ್ನೆಗಿಂತ ದೊಡ್ಡದಾಗಿ ಕಂಡದ್ದು ನೀರುಗುಳ್ಳೆ. ಅಪ್ಪನಿಂದ ಮಗನಿಗೆ ಇಳಿದಿದೆಯೆಂದರೆ ಇದು ಬಹುಮಟ್ಟಿಗೆ ವಂಶವಾಹಿ ಪಾಲಿಸಿಸ್ಟಿಕ್ ಕಾಯಿಲೆ. ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ, ನಿಮಗೂ ಸೇರಿ. ಈ ದೋಷದ ಜೀನು ಹೆಚ್ಚಿನವರಲ್ಲಿ 16ನೇ ವರ್ಣತಂತುವಿನಲ್ಲಿದೆ, ಎಚ್‌ಎಲ್‌ಎಗೂ ಅದಕ್ಕೂ ಸಂಬಂಧವಿಲ್ಲ. ಆರಕ್ಕೆ ಆರು ಹೊಂದಿದ ಅಣ್ಣನೂ ಗುಳ್ಳೆ ತುಂಬಿದ ಕಿಡ್ನಿ ಇಟ್ಟುಕೊಂಡಿರಬಹುದು. ನಿಮಗೆ 40 ದಾಟಿರುವುದು ಇಲ್ಲಿ ಅನುಕೂಲ: ಈ ವಯಸ್ಸಿನಲ್ಲಿ ಅಲ್ಟ್ರಾಸೌಂಡ್ ಸ್ವಚ್ಛವಾಗಿದ್ದರೆ ಈ ಕಾಯಿಲೆ ಇಲ್ಲವೆಂದೇ ಲೆಕ್ಕ. ನಮ್ಮ ಕಡೆ ಸೋದರಮಾವನನ್ನು ಮದುವೆಯಾಗುವ ರೂಢಿ ಇದೆಯಲ್ಲ, ಅಮ್ಮ ಅಪ್ಪನಿಗೆ ಅಕ್ಕನ ಮಗಳಾಗಿದ್ದರೆ ಅವರಿಗೂ ಸ್ಕ್ಯಾನ್ ತಪ್ಪದು. ಕಸಿ ಮಾಡಿದ ಕಿಡ್ನಿಯಲ್ಲಿ ಮಾತ್ರ ಈ ಗುಳ್ಳೆ ಮತ್ತೆ ಬರುವುದಿಲ್ಲ. ದೋಷವಿದ್ದದ್ದು ತಮ್ಮನ ಸ್ವಂತ ಕಿಡ್ನಿಯ ಜೀವಕೋಶಗಳಲ್ಲಿ.

ಹೆಂಡತಿಯ ಕಿಡ್ನಿ ನಿಲ್ಲುತ್ತದೆ. 1995ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂರು ವರ್ಷದ ನಂತರವೂ ಕೆಲಸ ಮಾಡುತ್ತಿದ್ದ ಕಿಡ್ನಿಗಳು: ಗಂಡ ಅಥವಾ ಹೆಂಡತಿ ಕೊಟ್ಟದ್ದು ಶೇ 85, ತಂದೆ ತಾಯಿ ಕೊಟ್ಟದ್ದು ಶೇ 82, ಮೃತ ದಾನಿಗಳದು ಶೇ 70. ಆರೋಗ್ಯವಂತರ ದೇಹದಿಂದ ತೆಗೆದು ತಡಮಾಡದೆ ಜೋಡಿಸುವುದೇ ದೊಡ್ಡ ಲಾಭ. ಗಂಡ ತನ್ನ ಕಿಡ್ನಿಯನ್ನು ಹೆಂಡತಿಗೆ ಕೊಡುವಾಗ ಹೆಚ್ಚು ಎಚ್ಚರ ಬೇಕು. ಬಸಿರಿನಲ್ಲಿ ಗಂಡನ ಎಚ್‌ಎಲ್‌ಎ ವಿರುದ್ಧ ಅವಳಲ್ಲಿ ಪ್ರತಿಕಾಯ ಹುಟ್ಟಿರಬಹುದು. ನಿಮ್ಮ ಮನೆಯಲ್ಲಿ ಅದು ತಿರುಗುಮುರುಗು, ಹಾಗಾಗಿ ಆ ಚಿಂತೆ ಇಲ್ಲ. ಆದರೂ ತಮ್ಮನಿಗೆ ಹಿಂದೆ ರಕ್ತ ಹಾಕಿಸಿದ್ದರೆ ಡಾಕ್ಟರಿಗೆ ಹೇಳಿ, ಅದರಿಂದಲೂ ಪ್ರತಿಕಾಯ ಹುಟ್ಟಿರಬಹುದು.

ತಮ್ಮನ ಸ್ವಂತ ಜೀನೂ ಆಟವಾಡುತ್ತದೆ. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ಕಸಿಯ ನಂತರ ಕೊಡುವ ಟ್ಯಾಕ್ರೊಲಿಮಸ್ ಮಾತ್ರೆಯನ್ನು ಕೆಲವರ ದೇಹ ಬೇಗ ಕರಗಿಸಿಬಿಡುತ್ತದೆ, ಅವರಿಗೆ ಡೋಸ್ ಹೆಚ್ಚು ಬೇಕು. ಪಕ್ಕದ ಬೆಡ್‌ನವರ ಮಾತ್ರೆ ಎಣಿಸಿ ಹೋಲಿಸಬೇಡಿ, ರಕ್ತದಲ್ಲಿ ಔಷಧದ ಮಟ್ಟ ನೋಡಿಯೇ ಡೋಸ್ ಹೇಳುತ್ತಾರೆ.

ಕಾನೂನಿನಲ್ಲಿ ಅಮ್ಮ, ಅಣ್ಣ, ಹೆಂಡತಿ ಮೂವರೂ ಹತ್ತಿರದ ಸಂಬಂಧಿಗಳೇ. ನಾನಾಗಿದ್ದರೆ ಸ್ಕ್ಯಾನ್, ರಕ್ತದ ಗುಂಪು, ಕ್ರಾಸ್‌ಮ್ಯಾಚ್ (ದಾನಿಯ ಜೀವಕೋಶಗಳ ವಿರುದ್ಧ ತಮ್ಮನ ರಕ್ತದಲ್ಲಿ ಪ್ರತಿಕಾಯ ಇದೆಯೇ ಎಂಬ ಪರೀಕ್ಷೆ), ವಯಸ್ಸು, ಕೊನೆಗೆ ಆರಕ್ಕೆ ಎಷ್ಟು ಎನ್ನುವುದು, ಈ ಕ್ರಮದಲ್ಲಿ ನೋಡುತ್ತಿದ್ದೆ. ನಿಮ್ಮ ಸ್ಕ್ಯಾನ್ ತುಮಕೂರಿನಲ್ಲೇ ಆಗುತ್ತದೆ. ಮುಂದಿನ ಡಯಾಲಿಸಿಸ್ ದಿನ ತಮ್ಮ ಬೆಡ್ ಮೇಲಿರುವ ಆ ನಾಲ್ಕು ಗಂಟೆಯಲ್ಲೇ ಮುಗಿಸಿಬಿಡಿ.